ಡೆಕ್ಕಿನ ಕೆಳಗಿನ ಬಳ್ಳಿ

"ಆ ಬಳ್ಳಿಯೊಂದನ್ನ ಬಿಟ್ಟು ಬೇರೆ ಏನು ಬೇಕಾದ್ರೂ ಕೀಳಿ," ಎಂದರು ಸಾವಿತ್ರಮ್ಮ. "ಅದರ ಬುಡದಲ್ಲಿ ಮಾಟ ಹುಗಿದಿದ್ದಾರೆ. ಕಿತ್ತವರನ್ನ ಈ ನೆಲ ಬಿಡಲ್ಲ."

ತನುಜಾ ನಕ್ಕಳು. ಬಾಳೂರಿನ ಈ ಎಸ್ಟೇಟಿನಲ್ಲಿ ಶಶಿಧರ್ ತೆರೆಯಲಿದ್ದ ಹೋಂಸ್ಟೇಗೆ ಅಂಗಳದಲ್ಲಿ ಮರದ ಹಲಗೆಯ ಡೆಕ್ ಹಾಕಿಕೊಡಲು ಮೈಸೂರಿನಿಂದ ಬಂದವಳು ಅವಳು. ಸಾವಿತ್ರಮ್ಮ ಶಶಿಧರನ ಚಿಕ್ಕಮ್ಮ. ಬಂಗಲೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು.

"ಅಮ್ಮಾ, ಬುಡ ಬಿಟ್ಟು ಮೇಲೆ ಹಲಗೆ ಜೋಡಿಸಿದ್ರೆ ಒಂದೇ ಮಳೆಗಾಲಕ್ಕೆ ಸಂದಿಯಲ್ಲಿ ಚಿಗುರು ಬರುತ್ತೆ. ನನಗೆ ಮಾಟಕ್ಕಿಂತ ಬೇರಿನ ಭಯ ಜಾಸ್ತಿ."

"ಹೇಳೋದು ಹೇಳಿದ್ದೀನಿ," ಎಂದ ಸಾವಿತ್ರಮ್ಮ ಅಲ್ಲಿಂದ ಕದಲಲಿಲ್ಲ. ಸೆರಗನ್ನು ಬಿಗಿಯಾಗಿ ಹಿಡಿದು ನೋಡುತ್ತಲೇ ನಿಂತರು.

ಆಳುಗಳು ಬಳ್ಳಿ ಮುಟ್ಟಲು ಒಪ್ಪಲಿಲ್ಲ. ತನುಜಾ ತಾನೇ ಹಾರೆ ಹಾಕಿ ಮೀಟಿದಳು. ಮುಂಗೈ ದಪ್ಪದ ಬೇರು ಒದ್ದೆ ಸದ್ದು ಮಾಡುತ್ತ ಮೇಲೆದ್ದು ಬಂತು. ತುದಿಯಲ್ಲಿ ಕೂದಲಿನ ಸಿಕ್ಕು, ತುಕ್ಕು ಹಿಡಿದ ಮೊಳೆಗಳು. ಕಾಫಿ ಹೂವಿನ ಘಮಲು ತುಂಬಿದ್ದ ಗಾಳಿಯಲ್ಲಿ ಹಸಿ ಮಾಂಸದ ವಾಸನೆ ಹರಡಿತು. ಅವಳು ಮೂಗು ಮುಚ್ಚಿಕೊಂಡು ಎಲ್ಲವನ್ನೂ ಸುಟ್ಟಳು. ಗುಂಡಿಗೆ ಕಳೆನಾಶಕ ಹೊಯ್ದಳು. ನೆಲ ಸಮ ಮಾಡಿಸಿ, ಕಳೆ ಏಳದಂತೆ ದಪ್ಪನೆಯ ಕಪ್ಪು ಬಟ್ಟೆ ಹಾಸಿಸಿ, ಮೇಲೆ ಜಲ್ಲಿ ಸುರಿಸಿದಳು.

ಬೆಳಿಗ್ಗೆ ನೋಡಿದರೆ ಜಲ್ಲಿ ಉಬ್ಬಿತ್ತು. ಬಟ್ಟೆ ಹರಿದಿತ್ತು. ಬಿಸಿಲನ್ನೇ ಕಾಣದಂಥ ಬಿಳಿಚಿದ ಕುಡಿಗಳು ಕಲ್ಲುಗಳ ನಡುವೆ ಎದ್ದು ನಿಂತಿದ್ದವು. ಅವಳು ಕಿತ್ತು ಕುದಿಯುವ ಉಪ್ಪುನೀರು ಸುರಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಎದ್ದಿದ್ದವು. ಎಲ್ಲ ಕುಡಿಗಳೂ ಅವಳತ್ತಲೇ ಬಾಗಿದ್ದವು. ಅವಳು ಎಡಕ್ಕೆ ಸರಿದಳು. ಅವೂ ಎಡಕ್ಕೆ ತಿರುಗಿದವು.

ತನುಜಾ ಬಂಗಲೆಯೊಳಗೆ ಓಡಿದಳು. ಶಶಿಧರ್ ಹಲಗೆ ತರಲು ಮೂಡಿಗೆರೆಗೆ ಹೋಗಿದ್ದ. ಅವಳು ಅವನಿಗಾಗಿ ಕಾಯಲಿಲ್ಲ. ಬ್ಯಾಗು ಹಿಡಿದು ಎಸ್ಟೇಟಿನ ಡ್ರೈವರ್ ಧರ್ಮೇಶನ ಜೀಪು ಹತ್ತಿದಳು.

"ಧರ್ಮೇಶ್, ಬಸ್‌ಸ್ಟ್ಯಾಂಡಿಗೆ ಬಿಡಿ. ಬೇಗ."

ಜೀಪಿನ ಮೂತಿ ಗೇಟು ದಾಟಿತು. ಅವಳ ಉಸಿರು ನಿಂತಿತು. ಬಾಯಿ ತುಂಬ ಮಣ್ಣು. ಉಗುಳಿದಳು, ಏನೂ ಇರಲಿಲ್ಲ. ಆದರೂ ಮಣ್ಣು. ಗಂಟಲಲ್ಲಿ ಮಣ್ಣು. ಎದೆಯಲ್ಲಿ ಮಣ್ಣು. ಧರ್ಮೇಶ್ ಹೆದರಿ ಜೀಪನ್ನು ಹಿಂದಕ್ಕೆ ತಂದ. ಉಸಿರು ಬಂತು. ಅವಳು ಇಳಿದು ನಡೆದೇ ದಾಟಲು ನೋಡಿದಳು. ಪಾದ ಮೇಲೇಳಲಿಲ್ಲ. ನೆಲದೊಳಗಿನಿಂದ ಯಾರೋ ಹಿಡಿದೆಳೆದಂತಿತ್ತು.

ಹಿಂದೆ ಚಪ್ಪಲಿಯ ಸದ್ದಾಯಿತು. ಸಾವಿತ್ರಮ್ಮ ಪೆಟ್ಟಿಗೆ ಹಿಡಿದು ಬಂದಿದ್ದರು.

"ಬೇಲಿ ಸರಿಸಿ ಜಾಗ ಹೊಡೀತಿದ್ದ ದಾಯಾದಿಗೆ ಅಂತ ನಮ್ಮ ಮಾವ ಗುರುವಯ್ಯನವ್ರು ಮಾಡಿಸಿದ್ದು ಅದು," ಎಂದರು ಅವಳ ಮುಖ ನೋಡದೆ. "ಮದುವೆಯಾಗಿ ಬಂದ ವರ್ಷ ಹೂವಿನ ಗಿಡ ನೆಡೋಣ ಅಂತ ನಾನು ಕಿತ್ತೆ. ನನಗೆ ಯಾರೂ ಹೇಳಿರ್ಲಿಲ್ಲ. ಅಮ್ಮ ಸತ್ತಾಗ್ಲೂ ಈ ಗೇಟು ದಾಟೋಕಾಗ್ಲಿಲ್ಲ."

"ನನ್ನನ್ನ ಯಾಕೆ..."

"ವಿಷಯ ಕೇಳಿಯೂ ನಕ್ಕು ಕೀಳೋರು ಬಂದ್ರೆ ಹಳಬರಿಗೆ ಬಿಡುಗಡೆ ಅಂತ ಆಮೇಲೆ ಮಾವ ಹೇಳಿದ್ರು. ಎಲ್ರಿಗೂ ಹೇಳ್ತಾ ಬಂದೆ. ಎಲ್ರೂ ಹೆದರಿ ಬಿಟ್ರು. ನೀವು ನಕ್ಕಿರಿ." ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ಸುಳ್ಳಂತೂ ಹೇಳ್ಲಿಲ್ಲ ಕಣಮ್ಮಾ ನಾನು."

ಒಂದು ಕಾಲನ್ನು ಗೇಟಿನಾಚೆ ಇಟ್ಟು ನಿಂತರು. ಕಣ್ಣು ಮುಚ್ಚಿ ಇನ್ನೊಂದನ್ನೂ ಇಟ್ಟರು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು.

"ಧರ್ಮೇಶ, ಕಳಸಕ್ಕೆ, ನನ್ನ ತವರಿಗೆ ಬಿಡು ಮಾರಾಯ."

ಜೀಪಿನ ಸದ್ದು ಇಳಿಜಾರಿನಲ್ಲಿ ಕರಗಿತು. ತನುಜಾ ಗೇಟಿನ ಕಂಬ ತಬ್ಬಿ ಕುಸಿದಳು. ಫೋನ್ ರಿಂಗಾಯಿತು. ಗಂಡ ಅಭಿರಾಮ. ಬಿಕ್ಕುತ್ತಲೇ ಎಲ್ಲ ಹೇಳಿಬಿಟ್ಟಳು. ಬಳ್ಳಿ, ಮೊಳೆ, ಮಾಟ, ಗೇಟು.

ಅವನು ನಕ್ಕ. ಅಕ್ಕರೆಯಿಂದಲೇ ನಕ್ಕ.

"ಬಿಸಿಲಿಗೆ ತಲೆ ಕೆಟ್ಟಿದೆ ನಿಂಗೆ. ಪಾಪೂನ ಕರ್ಕೊಂಡು ನಾನೇ ಬರ್ತೀನಿ. ಆ ಬಳ್ಳೀನ ನನ್ನ ಕೈಯಾರೆ ಕಿತ್ತು ಬಿಸಾಕ್ತೀನಿ, ಆಯ್ತಾ?"

ಪಾದದ ಹಿಡಿತ ಸಡಿಲಿತು. ತನುಜಾ ಬೆಚ್ಚಿ ಕಾಲು ಎತ್ತಿದಳು. ಎತ್ತಲು ಬಂತು. ಹೆಬ್ಬೆರಳು ಗೇಟು ದಾಟಿತು. ಉಸಿರು ಸಲೀಸಾಗಿತ್ತು. ವಿಷಯ ಕೇಳಿಯೂ ನಕ್ಕವನು ಅವಳಿಗೂ ಸಿಕ್ಕಿದ್ದ. ಹೂಂ ಅಂದರೆ ಸಾಕು. ಒಂದೇ ಒಂದು ಹೂಂ.

"ಬರಬೇಡಿ!" ಕಿರುಚಿದಳು. "ಪಾಪೂನ ಈ ಕಡೆ ಕರ್ಕೊಂಡು ಬರಲೇಬೇಡಿ! ಯಾವತ್ತೂ!"

ಬಾಯಲ್ಲಿ ಮತ್ತೆ ಮಣ್ಣು ತುಂಬತೊಡಗಿತು. ಕಾಲು ತಾನಾಗಿ ಹಿಂದಕ್ಕೆ ಸರಿಯಿತು. ಇನ್ನೊಂದು ಸಲ ಅವನ ದನಿ ಕೇಳಿದರೆ ಎಲ್ಲಿ ಒಪ್ಪಿಬಿಡುವೆನೋ ಎಂದು ಫೋನನ್ನು ಗೇಟಿನಾಚೆಗೆ ಎಸೆದಳು.

ರಸ್ತೆಯ ಧೂಳಿನಲ್ಲಿ ಬಿದ್ದು ಅದು ಮತ್ತೆ ಮತ್ತೆ ರಿಂಗಾಯಿತು. ಆಮೇಲೆ ನಿಂತಿತು. ಅವನು ಹೊರಟನೋ ಇಲ್ಲವೋ, ಅವಳಿಗೆ ತಿಳಿಯುವ ದಾರಿಯಿರಲಿಲ್ಲ.