ಕೆಸರಿನಲ್ಲಿ ಬಾಯ್ತೆರೆದ ಗುರುತು

ಶವದ ಮೇಲೆ ಹೊದಿಸಿದ್ದ ಶಾಲು ಬೆಲೆಬಾಳುವಂಥದ್ದು. ಸಬ್‌ಇನ್‌ಸ್ಪೆಕ್ಟರ್ ರಂಜಿನಿ ಅದನ್ನು ಮೆಲ್ಲನೆ ಸರಿಸಿದಳು.

ಮರಿತಾಯಮ್ಮ. ಹೂ ಕೊಯ್ಯುವ ಕೂಲಿಯಾಳು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ತೆರಕಣಾಂಬಿಗೆ ತುಸು ಈಚೆ, ಅಂಚಿನ ಕೆಸರಿನಲ್ಲಿ ಬಿದ್ದಿದ್ದಳು. ಪಕ್ಕದಲ್ಲಿ ಚೆಂಡುಹೂವಿನ ಮೂಟೆ. ಅದರ ಬಾಯಿ ಕಟ್ಟಿದ್ದು ಕಟ್ಟಿದಂತೆಯೇ ಇತ್ತು.

ಶಾಲು ಹೊದಿಸಿ ಠಾಣೆಗೆ ಫೋನ್ ಮಾಡಿದವರು ಮಲ್ಲಿಕಾರ್ಜುನಸ್ವಾಮಿ. ದೊಡ್ಡ ಜಮೀನುದಾರರು. ಹಣೆ ತುಂಬ ವಿಭೂತಿ. ಅವರ ಜೀಪು ಚಾಮರಾಜನಗರದತ್ತ ಮುಖ ಮಾಡಿ ಟಾರಿನ ಮೇಲೆ ನಿಂತಿತ್ತು.

"ಗುಂಡ್ಲುಪೇಟೆಯಿಂದ ವಾಪಸ್ ಬತ್ತಿದ್ದೆ ಕಣಮ್ಮ. ನೋಡುದ್ರೆ ಹಿಂಗೆ ಬಿದ್ದವ್ಳೆ. ಪಾಪ, ನಮ್ಮ ಹೊಲದಲ್ಲೇ ಕೂಲಿಗೆ ಬರೋಳು."

ರಂಜಿನಿ ಕೆಸರಿನ ಮೇಲೆ ಬಗ್ಗಿದಳು. ಯಾವುದೋ ವಾಹನ ಟಾರಿನಿಂದ ಜಾರಿ ಅಂಚಿಗೆ ಇಳಿದು ಮತ್ತೆ ಮೇಲೇರಿತ್ತು. ಆಳವಾದ ಗುರುತುಗಳು. ಒಂದರ ಹಿಂದೊಂದು ಇಂಗ್ಲಿಷಿನ 'ವಿ' ಅಕ್ಷರಗಳು. ಎಲ್ಲದರ ಬಾಯಿಯೂ ಗುಂಡ್ಲುಪೇಟೆಯ ಕಡೆಗೆ ತೆರೆದಿತ್ತು.

"ಟ್ರಾಕ್ಟರ್," ಎಂದಳು.

"ಟ್ರಾಕ್ಟರ್ ಟೈರು ಇಷ್ಟು ಸಣ್ಣಕಿರಲ್ಲ ಮೇಡಂ." ಹೆಡ್ ಕಾನ್‌ಸ್ಟೇಬಲ್ ಸಿದ್ದಮಲ್ಲಪ್ಪ ಗಂಟಲು ಸರಿಪಡಿಸಿಕೊಂಡ. "ಈ ಸೀಮೇಲಿ ಇಂಥಾ ಟೈರು ಇರೋದು ಸಾಮ್ಗಳ ಮಿಲಿಟರಿ ಜೀಪಿಗೊಂದೇ. ಹರಾಜಲ್ಲಿ ತಂದದ್ದು. ಮುಂದ್ಗಡೆ ನಿಂತು ನೋಡುದ್ರೆ ಟೈರ್ ಮೇಲೆ 'ವಿ' ಕಾಣ್ತಿತ್ತು. 'ವಿಭೂತಿ ಸಾಮ್ಗಳ ಜೀಪು ನಾಮ ಹಾಕ್ಕೊಂಡದೆ ಕಣ್ಲಾ' ಅಂತ ಊರೋರೆಲ್ಲ ರೇಗಿಸ್ತಿದ್ರು."

ಮಲ್ಲಿಕಾರ್ಜುನಸ್ವಾಮಿಯವರ ಕಿವಿ ಕೆಂಪಾಯಿತು. ಹೆಣದ ಮುಂದೆ ಇದೆಂಥ ಹಾಸ್ಯ ಎಂದು ರಂಜಿನಿ ಸಿದ್ದಮಲ್ಲಪ್ಪನನ್ನು ದುರುಗುಟ್ಟಿ ನೋಡಿದಳು.

"ಬೆಳಗ್ಗೆ ಜೀಪು ಓಡಿಸಿದ್ದು ಯಾರು?"

"ಡ್ರೈವರ್ ಪುಟ್ಟಮಾದಯ್ಯ. ಮಳೇಲೇ ಹೊರಟು ಗುಂಡ್ಲುಪೇಟೆ ಮಂಡಿಗೆ ನೆನ್ನೆ ಕುಯ್ದ ಹೂ ತಂದ. ನಾನು ರಾತ್ರಿನೇ ಅಲ್ಲಿಗೆ ಹೋಗಿದ್ದೆ. ಅವನನ್ನ ಮಂಡೀಲಿ ಬುಟ್ಟು, ಈಗ ಒಬ್ನೇ ಬಂದೆ."

ಜಾರಿದ ವಾಹನ ರಸ್ತೆಯ ಯಾವ ಮಗ್ಗುಲಿಗಾದರೂ ಹೋಗಬಹುದು. ಅದು ಯಾವ ಕಡೆಗೆ ಓಡುತ್ತಿತ್ತೆಂಬುದನ್ನು ಕೆಸರಿನ ಗುರುತು ಮಾತ್ರ ಹೇಳಬೇಕಿತ್ತು. ಜೀಪನ್ನು ಠಾಣೆಗೆ ಸಾಗಿಸುವಂತೆ ಹೇಳಿ ರಂಜಿನಿ ಹೊರಟಳು.

*

ಚಾಮರಾಜನಗರದಲ್ಲಿ ಆ ಟೈರು ಮಾರಿದ ಅಂಗಡಿ ಭಾನುವಿನದು. ಗಂಡ ತೀರಿಕೊಂಡ ಮೇಲೆ ಅಂಗಡಿ ಅವಳ ಕೈಗೆ ಬಂದಿತ್ತು. ಬಾಯಿ ಜೋರು.

"ಜೀಪು ಬಂದಾಗ ಮಿಲಿಟರಿ ಟೈರೇ ಇತ್ತು, ಸವೆದು ಹೋಗಿತ್ತು. ಆ ಪಟ್ಟಿ ಟೈರು ಮುಂದಕ್ಕೋದ್ರೂ ಹಿಂದಕ್ಕೋದ್ರೂ ಒಂದೇ ಗುರುತು ಬುಡ್ತದೆ. ಗಾಡಿ ಎತ್ತಗೋಯ್ತು ಅಂತ ಶತ್ರುಗೆ ಗೊತ್ತಾಗಬಾರ್ದಲ್ಲ? ಅದೇ ಹಾಕ್ಸಿ, ಇಲ್ಲ ಟಾರ್ ರೋಡಿಗೆ ಸಣ್ಣ ಹಲ್ಲಿಂದು ಹಾಕ್ಸಿ ಅಂದೆ. ಸಾಮ್ಗಳು ಕೇಳ್ನಿಲ್ಲ. ನೋಡೋರಿಗೆ ಎದೆ ನಡುಗ್ಬೇಕಂತೆ! ಈ 'ವಿ' ಥರದ ದೊಡ್ಡ ಹಲ್ಲಿಂದೇ ಬೇಕಂದ್ರು."

"ಇದರ ಗುರುತು ದಿಕ್ಕು ಹೇಳುತ್ತದೆಯೆ?"

"ಹೇಳ್ದೆ ಏನು? 'ವಿ' ಬಾಯಿ ಎತ್ತ ತೆರೆದಿರ್ತದೋ ಗಾಡಿ ಅತ್ತ ಓಯ್ತು ಅಂತ."

ರಂಜಿನಿ ಆಗಲೇ ಮೆಟ್ಟಿಲಿಳಿದಿದ್ದಳು. ಹಿಂದಿನಿಂದ ಭಾನು ಕೂಗಿದಳು:

"ನಾನು ಹಾಕಿಕೊಟ್ಟಂಗೇ ಇದ್ರೆ!"

ಆ ಮಾತು ರಂಜಿನಿಯ ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

*

ಗುಂಡ್ಲುಪೇಟೆಯ ಹೂವಿನ ಮಂಡಿ ಕಿಕ್ಕಿರಿದಿತ್ತು. ಪುಟ್ಟಮಾದಯ್ಯ ಖಾಲಿ ಚೀಲ ಮಡಚುತ್ತಿದ್ದ.

"ಮರಿತಾಯಮ್ಮನಿಗೆ ಗುದ್ದಿ ಓಡಿಬಂದೆಯಾ?"

"ಮರಿತಾಯಿಗಾ? ಅಯ್ಯೋ! ನಾನಲ್ಲ ಕಣವ್ವ. ಮಳೆ ಉಯ್ತಿತ್ತು. ರೋಡಲ್ಲಿ ನರಪಿಳ್ಳೆ ಇರ್ನಿಲ್ಲ."

"ಗುರುತು ಸುಳ್ಳು ಹೇಳುತ್ತದೆಯೇನೋ?"

"ಸಾಮ್ಗಳ್ನ ಕೇಳಿ ಬೇಕಾದ್ರೆ..."

ರಂಜಿನಿಯ ಕೈ ಅವನ ಕೆನ್ನೆಗೆ ಬಿತ್ತು. ಮಂಡಿ ಸ್ತಬ್ಧವಾಯಿತು. ಮೂಲೆಯಲ್ಲಿ ಹಾರ ಕಟ್ಟುತ್ತಿದ್ದ ಅವನ ಹೆಂಡತಿ ನಾಗಮಣಿ ಎದ್ದು ನಿಂತಳು. ಪುಟ್ಟಮಾದಯ್ಯ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಹೆಂಡತಿಯ ಕಡೆ ನೋಡಲೂ ಇಲ್ಲ. ತಲೆ ತಗ್ಗಿಸಿ ಪೊಲೀಸ್ ವಾಹನ ಹತ್ತಿದ.

ಸಂಜೆ ಮಲ್ಲಿಕಾರ್ಜುನಸ್ವಾಮಿಯವರ ಫೋನ್ ಬಂತು. "ಬಡವ ಕಣಮ್ಮ. ಅವನಿಗೆ ವಕೀಲ್ರನ್ನ ನಾನೇ ಇಡ್ತೀನಿ." ಎಂಥ ದೊಡ್ಡ ಮನಸ್ಸು ಎಂದುಕೊಂಡಳು ರಂಜಿನಿ.

*

ಮರುದಿನ ನಾಗಮಣಿ ಠಾಣೆಗೆ ಬಂದಳು. ಗಂಡನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಮರಿತಾಯಿ ಕುಯ್ದ ಹೂ ನಿಮ್ಮತ್ರ ಅದಂತೆ. ಇವತ್ತು ಮಣ್ಣು ಮಾಡ್ತರೆ. ಅವಳ ಮೇಲೇ ಹಾಕ್ತೀವಿ, ಕೊಡಿ."

ರಂಜಿನಿ ಮೂಟೆಯ ಬಾಯಿ ಬಿಚ್ಚಿದಳು. ಮೊಣಕೈವರೆಗೆ ಕೈ ಇಳಿಸಿದಳು. ಹೂಗಳು ಗರಿಗರಿಯಾಗಿದ್ದವು. ಒಂದೂ ಕೊಳೆತಿರಲಿಲ್ಲ.

"ಇಷ್ಟು ಮಳೆ ಬಿದ್ದರೂ ಹೂ ನೆನೆದೇ ಇಲ್ಲವಲ್ಲ?"

"ಮಳೇಲಿ ಯಾರವ್ವ ಹೂ ಕುಯ್ತಾರೆ? ಬಿಸಿಲು ಬಿದ್ದು ನೀರಾರಿದ ಮೇಲೇ ಕೈ ಹಾಕೋದು. ನೆಂದ ಹೂ ಮೂಟೆ ಕಟ್ಟುದ್ರೆ ಕೊಳೆತೋಗಲ್ವಾ?"

ರಂಜಿನಿಯ ಕೈ ಮೂಟೆಯೊಳಗೇ ನಿಂತಿತು.

ಪುಟ್ಟಮಾದಯ್ಯ ಹೋದದ್ದು ಮಳೆಯಲ್ಲಿ. ಮರಿತಾಯಮ್ಮ ಹೂ ಕೊಯ್ದದ್ದು ಬಿಸಿಲು ಬಂದ ಮೇಲೆ. ಮೂಟೆ ಕಟ್ಟಿ ರಸ್ತೆಗೆ ಬಂದದ್ದು ಅದಕ್ಕೂ ಆಮೇಲೆ. ಆ ಹೊತ್ತಿಗೆ ಜೀಪು ಗುಂಡ್ಲುಪೇಟೆಯಲ್ಲಿತ್ತು. ಅಲ್ಲಿಂದ ಹಿಂದಿರುಗುವಾಗ ಮಾತ್ರ ಅವಳನ್ನು ಮುಟ್ಟಲು ಸಾಧ್ಯ. ಹಾಗಾದರೆ ಕೆಸರಿನ ಗುರುತು?

'ನಾನು ಹಾಕಿಕೊಟ್ಟಂಗೇ ಇದ್ರೆ.'

ಅವಳು ಠಾಣೆಯ ಹಿತ್ತಲಿಗೆ ಓಡಿದಳು. ಜೀಪಿನ ಮುಂದೆ ನಿಂತಳು. ಟೈರಿನ ಮೇಲೆ ನಾಮ ಇರಲಿಲ್ಲ. 'ವಿ' ತಲೆಕೆಳಗಾಗಿ, ಬಾಣದ ಮೊನೆಯಂತೆ ಮೇಲ್ಮುಖವಾಗಿತ್ತು. ತಾನೇ ಜೀಪನ್ನು ಕೆಸರಿನ ಮೇಲೆ ಮುಂದಕ್ಕೆ ಓಡಿಸಿದಳು. ಇಳಿದು ನೋಡಿದಳು. ಪ್ರತಿಯೊಂದು ಗುರುತಿನ ಬಾಯಿಯೂ ಹಿಂದಕ್ಕೆ, ಜೀಪು ಬಂದ ದಿಕ್ಕಿಗೆ, ತೆರೆದಿತ್ತು.

ಅಂಗೈ ಚುರುಗುಟ್ಟಿತು. ಮಂಡಿಯಲ್ಲಿ ಬೀಸಿದ ಅದೇ ಕೈ.

*

"ನಾಮ ಎಂದು ಜನ ನಕ್ಕರು," ರಂಜಿನಿ ಹೇಳಿದಳು. "ಎಡಗಡೆಯ ಚಕ್ರಗಳನ್ನು ಬಲಕ್ಕೆ, ಬಲಗಡೆಯವನ್ನು ಎಡಕ್ಕೆ ಹಾಕಿಸಿದಿರಿ. ನಾಮ ಹೋಯಿತು. ಗುರುತೂ ತಿರುಗಿತು. ಹೂ ಕೊಯ್ದ ಮೇಲೆ ಆ ರಸ್ತೆಯಲ್ಲಿ ಜೀಪು ತಂದವರು ನೀವೊಬ್ಬರೇ."

ಮಲ್ಲಿಕಾರ್ಜುನಸ್ವಾಮಿಯವರು ಹೆಗಲ ಮೇಲಿನ ಶಲ್ಯವನ್ನು ಕೈಗೆ ಎಳೆದುಕೊಂಡರು.

"ತಿರುವಲ್ಲಿ ಬ್ರೇಕ್ ಒತ್ತುದೆ. ಮರದ ನೆಳ್ಳಲ್ಲಿ ಟಾರು ಇನ್ನೂ ಹಸಿ, ತಿರುಗ್ಸಿದ ಟೈರು ಹಿಡೀನೇ ಇಲ್ಲ. ಅವಳು ನನ್ನ ನೋಡಿ ಪಕ್ಕಕ್ಕೆ ಸರುದ್ಲು. ಅಲ್ಲಿಗೇ ಹೋಯ್ತು ಜೀಪು."

"ಪುಟ್ಟಮಾದಯ್ಯನ ತಲೆಗೆ ಕಟ್ಟಿದಿರಿ."

"ಗುಂಡ್ಲುಪೇಟೆ ಕಡೆ ಹೋಗೋವಾಗ ಆಗಿದ್ದು ಅಂದದ್ದು ನೀವು ಕಣಮ್ಮ. ನಾನು ಸುಮ್ನಿದ್ದೆ."

"ಯಾಕೆ?"

ಅವರು ಶಲ್ಯದಿಂದ ಮುಖ ಮುಚ್ಚಿಕೊಂಡರು. "ನಾಮದ ಮಾತಿಗೆ ನಾಚ್ಕೊಂಡು ಚಕ್ರ ತಿರುಗ್ಸಿ, ಒಂದು ಜೀವ ತೆಗ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ರಂಜಿನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ಅವರು ಸುಮ್ಮನಿದ್ದರು ನಿಜ. ದಿಕ್ಕು ಹೇಳಿದ್ದು, ಕೈ ಎತ್ತಿದ್ದು ಅವಳೇ.

*

ಲಾಕಪ್ಪಿನ ಬಾಗಿಲು ತೆರೆದು ರಂಜಿನಿ ಒಳಗೆ ಹೋದಳು.

"ತಪ್ಪಾಯಿತು ಪುಟ್ಟಮಾದಯ್ಯ. ಕ್ಷಮಿಸಿ."

ಅವನು ತಲೆ ಎತ್ತಲಿಲ್ಲ. "ಚಕ್ರ ತಿರುಗ್ಸಿದ್ದು ನನ್ನ ಕೈಯೇ ಕಣವ್ವ. ಬ್ಯಾಡ ಅನ್ಬೇಕಾಗಿತ್ತು. ನಾನೂ ನಕ್ಕೊಂಡೇ ತಿರುಗ್ಸುದೆ."

ಹೊರಗೆ ನಾಗಮಣಿ ಹೂವಿನ ಮೂಟೆ ಹಿಡಿದು ನಿಂತಿದ್ದಳು.

"ನಿಮ್ಮಿಬ್ಬರನ್ನೂ ಮನೆಗೆ ಬಿಡುತ್ತೇನೆ," ಎಂದಳು ರಂಜಿನಿ.

ಪುಟ್ಟಮಾದಯ್ಯ ಮೊದಲ ಸಲ ಅವಳ ಮುಖ ನೋಡಿದ.

"ಹೊಡ್ದಾಗ ಎಲ್ರೂ ನೋಡ್ತಿದ್ರು. ಈಗ ತಪ್ಪಾಯ್ತು ಅಂದ್ರಲ್ಲ, ಯಾರವ್ವ ನೋಡುದ್ರು?"

ರಂಜಿನಿ ಟೋಪಿ ತೆಗೆದು ಸಿದ್ದಮಲ್ಲಪ್ಪನ ಕೈಗಿತ್ತಳು.

"ಗಾಡಿ ಮಂಡಿಗೆ ತಿರುಗಿಸಿ."

"ಈಗ್ಲಾ ಮೇಡಂ? ಮಂಡಿ ತುಂಬ ಜನ ಇರ್ತಾರೆ."

"ಅದಕ್ಕೇ," ಎಂದಳು ರಂಜಿನಿ.