ಒಪ್ಪದ ನಲವತ್ತೊಂದು ಮೈಲಿ

ಚಾಲಕರು ಓಡಿಸಿದ ಗಂಟೆ, ಮೈಲಿ ದಾಖಲಿಸುವ ಯಂತ್ರ ನಮ್ಮ ಮೂರು ಲಾರಿಗಳಿಗೆ ಬೇಕಿತ್ತು. ಯಾವುದನ್ನು ಕೊಳ್ಳುವುದೆಂದು ನೋಡಲು ಎರಡು ಕಂಪನಿಗಳ ಯಂತ್ರಗಳನ್ನು ನನ್ನ ಲಾರಿಯಲ್ಲೇ ಪರೀಕ್ಷೆಗೆ ಕೂರಿಸಿದ್ದೆ.

ಜುಲೈ ತಿಂಗಳ ನಡುಮಧ್ಯಾಹ್ನ ಅಮೆರಿಕದ ವಯೋಮಿಂಗ್‌ನ ರಾಲಿನ್ಸ್ ಬಳಿ ಊಟಕ್ಕೆ ನಿಲ್ಲಿಸಿದೆ. ಕೀಲಿ ಜೇಬಿನಲ್ಲಿತ್ತು, ಲಾರಿ ಹೋಟೆಲಿನ ಕಿಟಕಿಯಾಚೆ ನನ್ನ ಕಣ್ಣೆದುರೇ ಇತ್ತು. ಮರಳಿ ಹತ್ತಿದಾಗ ಎರಡೂ ಯಂತ್ರಗಳಲ್ಲಿ ಒಂದೇ ಸಾಲು: 'ಅಪರಿಚಿತ ಚಾಲಕ, ನಲವತ್ತೊಂದು ಮೈಲಿ. ಈ ಓಟ ನಿಮ್ಮದೇ?'

ಬಾಗಿಲು ಬಿಸಿಲಿಗೆ ಸುಡುತ್ತಿತ್ತು. ನನ್ನ ಸೀಟು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಉದ್ದ ಕಾಲಿನವರಿಗೆಂಬಂತೆ ಹಿಂದಕ್ಕೂ ಸರಿದಿತ್ತು.

ತಮ್ಮ ವೆಂಡೆಲ್‌ಗೆ ಫೋನ್ ಮಾಡಿ ವಿಷಯ ಹೇಳಿದೆ.

"ನಂದೇ ಅಂತ ಒಪ್ಕೊಂಡ್ಬಿಡು ಅಕ್ಕಾ. ಲೆಕ್ಕ ಸಿಗದ ಮೈಲಿ ಯಾರ್ದು ಅಂತ ಕೇಳೋ ರಸ್ತೆ ತಪಾಸಣೆಯೋರ ಕಾಟ ತಪ್ಪುತ್ತೆ."

"ನಾನ್ಯಾಕೋ ಒಪ್ಕೊಳ್ಲಿ? ಇಪ್ಪತ್ತಾರು ವರ್ಷದಲ್ಲಿ ಓಡಿಸ್ದೇ ಇರೋ ಒಂದ್ ಮೈಲೀನೂ ಬರ್ಕೊಂಡೋಳಲ್ಲ!"

ಎರಡರಲ್ಲೂ 'ನನ್ನದಲ್ಲ' ಒತ್ತಿದೆ. ಪ್ರಶ್ನೆ ಮತ್ತೆ ಬಂತು. ಸೀಟಿನ ಹಿಂದೆ ಮಲಗುವ ಜಾಗದಲ್ಲಿ ಯಾರೋ ಬೂಟು ಕಳಚಿ ಹಾಕಿದ ಸದ್ದಾಯಿತು. ತಿರುಗಿದೆ, ಯಾರೂ ಇರಲಿಲ್ಲ.

"ಯಾರಾದ್ರೂ ಆಗಿರು, ಈ ಗಾಡಿ ನಂದು. ಇಳಿ ಕೆಳಗೆ!" ಎಂದು ಗದರಿ, ಸೀಟು ಮುಂದಕ್ಕೆಳೆದು ಮತ್ತೆ ಒತ್ತಿದೆ.

ಒಂದು ಯಂತ್ರ ಸುಮ್ಮನಾಯಿತು. ಇನ್ನೊಂದು ಕೇಳುತ್ತಲೇ ಇತ್ತು. ಅದರ ವೈರು ಕಿತ್ತೆ. ನನ್ನ ಮಾತಿಗೆ ಬೆಲೆ ಕೊಟ್ಟದ್ದನ್ನೇ ಕೊಂಡೆವು.

ಆದರೆ ಅಂದು ಟ್ಯಾಂಕಿನ ಡೀಸೆಲ್, ಊಟಕ್ಕೆ ನಿಲ್ಲಿಸಿದಾಗ ಇದ್ದದ್ದಕ್ಕಿಂತ ನಲವತ್ತೊಂದು ಮೈಲಿ ಓಡಿಸಿದಷ್ಟು ಕಡಿಮೆಯಾಗಿತ್ತು.