ನಡುವೆ ನಿಂತ ಲಿಫ್ಟು

ಲಿಫ್ಟು ಎರಡು ಮಹಡಿಗಳ ನಡುವೆ ಗಕ್ಕನೆ ನಿಂತು ದೀಪ ಆರಿತು. ಕೈಗೆ ಸಿಕ್ಕ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಲಿಫ್ಟ್ ಮೆಕ್ಯಾನಿಕ್‌ನ ತೋಳು.

"ಹೆದರ್ಬೇಡಿ ಮೇಡಂ, ನಾನಿದೀನಲ್ಲ."

"ನೀವಿದ್ದೂ ನಿಂತೋಯ್ತಲ್ಲ!"

ಕತ್ತಲಲ್ಲೇ ನಕ್ಕ. ದೀಪ ಬಂದಾಗ ಅವನ ಕಣ್ಣು ನನ್ನ ಮೇಲೇ ಇತ್ತು, ಕೆನ್ನೆಯ ಮೇಲೊಂದು ಗ್ರೀಸಿನ ಗೆರೆ. ನನ್ನೆದೆ ಡವಡವ. ಐದನೇ ಮಹಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ನನಗೆ ಆ ದಿನ ಒಬ್ಬರ ಹೆಸರೂ ನೆಟ್ಟಗೆ ಕೇಳಿಸಲಿಲ್ಲ.

ಆಮೇಲೆ ಲಿಫ್ಟು ಆಗಾಗ ನಿಲ್ಲತೊಡಗಿತು. ನಿಂತಾಗಲೆಲ್ಲ ಪಕ್ಕದಲ್ಲಿ ಅವನಿರುತ್ತಿದ್ದ, ನನ್ನ ಕೈ ತಾನಾಗಿ ಅವನ ತೋಳು ಹುಡುಕುತ್ತಿತ್ತು. ಅಂಥದೊಂದು ಕತ್ತಲಲ್ಲಿ ಕಿವಿಯ ಬಳಿ ಕೇಳಿದ, "ನನ್ನ ಮದ್ವೆ ಆಗ್ತೀಯಾ?"

"ನಾಳೆ ಹೇಳ್ತೀನಿ" ಎಂದೆ.

ಮನೆಯಲ್ಲಿ ತಂಗಿ, ಸೈಕಾಲಜಿ ಮೊದಲ ವರ್ಷದವಳು, ಎಲ್ಲ ಕೇಳಿ ಹುಬ್ಬು ಗಂಟಿಕ್ಕಿದಳು.

"ಅಕ್ಕಾ, ಇದು ಪ್ರೀತಿನಾ, ಗಾಬರಿನಾ?"

"ಏನೇ ಹಾಗಂದ್ರೆ?"

"ನಮ್ಮ ಪಾಠದಲ್ಲಿದೆ. ಭಯ ಆದ್ರೂ ಎದೆ ಬಡಿಯತ್ತೆ, ಪ್ರೀತಿ ಆದ್ರೂ ಬಡಿಯತ್ತೆ. ಯಾಕೆ ಅಂತ ಮನಸ್ಸು ಸುತ್ತ ನೋಡಿ ಊಹಿಸತ್ತೆ. ಪಕ್ಕದಲ್ಲಿ ಚೆಂದದ ಗಂಡಸಿದ್ರೆ, ಪ್ರೀತಿ ಅನ್ಕೊಂಡ್ಬಿಡತ್ತೆ."

"ನಿನ್ನ ಪರೀಕ್ಷೆಗೆ ನಾನೇ ಸಿಕ್ಕಿದ್ನಾ?"

"ನಗ್ಬೇಡ. ನೆಲದ ಮೇಲೆ, ಬೆಳಕಲ್ಲಿ, ಅವರ ಜೊತೆ ಕೂತು ನೋಡು. ಆಗ್ಲೂ ಬಡಿದ್ರೆ ನಾಳೆಯಿಂದ್ಲೇ ಭಾವ ಅಂತ ಕರೀತೀನಿ."

ಮರುದಿನ ಕಟ್ಟಡದ ಮುಂದಿನ ಬೆಂಚಿನಲ್ಲಿ ಅವನ ಪಕ್ಕ, ತುಸು ಅಂತರ ಬಿಟ್ಟು ಕೂತೆ. ಎಳೆಬಿಸಿಲು, ಕೈಯಲ್ಲಿ ಕಾಫಿ, ಅದೇ ನಗು. ನನ್ನ ಎದೆ ಮಾತ್ರ ಸುಮ್ಮನಿತ್ತು.

"ಇಲ್ಲೇನು ಇಷ್ಟು ದೂರ? ಲಿಫ್ಟಲ್ಲಾದ್ರೆ ತೋಳೇ ಬಿಡಲ್ಲ" ಎಂದು ಕೆಣಕಿದ.

"ಅದು ನೀವಿದ್ದಾಗ್ಲೇ ಯಾಕೆ ನಿಲ್ಲತ್ತೆ?"

ಲಿಫ್ಟಿನ ಪುಟ್ಟ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಾಚಿಕೊಂಡ. "ಮೊದಲ ಸಲ ನಿಜವಾಗ್ಲೂ ಕೆಟ್ಟಿತ್ತು. ನೀನು ಹಾಗೆ ಹಿಡ್ಕೊಂಡ್ಯಲ್ಲ... ಮತ್ತೆ ಹಿಡ್ಕೊಳ್ಳಲಿ ಅಂತ ನಾನೇ ನಿಲ್ಲಿಸ್ತಿದ್ದೆ. ಪ್ರೀತಿಯಿಂದ ಕಣೇ."

"ಮದ್ವೆ ಆದ್ಮೇಲೆ?"

"ನಿನ್ನ ಹೇಗೆ ಹತ್ರ ಕರ್ಕೋಬೇಕು ಅಂತ ಈಗ ಗೊತ್ತಿದೆಯಲ್ಲ."

ಎಷ್ಟು ಮೆಲ್ಲಗೆ ಹೇಳಿದ! ಹಾಡುಹಗಲಲ್ಲಿ ನನ್ನೆದೆ ಬಡಿಯತೊಡಗಿತು. ಈ ಸಲ ಕಾರಣ ಊಹಿಸಬೇಕಾಗಲಿಲ್ಲ.

"ನನ್ನಿಂದಾಗಲ್ಲ" ಎಂದೆ. ಅವನ ನಗು ಹಾಗೇ ಇತ್ತು.

ಮೆಟ್ಟಿಲು ಹಿಡಿದೆ. ಗೋಡೆಯಾಚೆ ಲಿಫ್ಟು ನನ್ನ ಜೊತೆಜೊತೆಗೇ ಏರುವ ಸದ್ದು. ಉಸಿರು ಬಿಗಿಹಿಡಿದು ನಿಂತೆ.

ಅದೂ ನಿಂತಿತು.